ಗಟ್ಟಿಮೇಳದ ಅಡಿಯಲ್ಲಿ

"ಮೊದಲು ಎಲ್ಲಾನೂ ಮ್ಯೂಟ್ ಮಾಡಮ್ಮ. ಆಮೇಲೆ ಒಂದೊಂದನ್ನೇ ಎಬ್ಬಿಸು. ಯಾರು ಏನು ಹೇಳ್ತಿದಾರೆ ಅಂತ ಕೇಳಿಸ್ಕೊಳ್ದೆ ಎಲ್ಲಾರನ್ನೂ ಒಟ್ಟಿಗೆ ಬಿಟ್ರೆ ಅದು ಮಿಕ್ಸಿಂಗ್ ಅಲ್ಲ, ಸಂತೆ," ಎಂದು ಹೇಳಿ ಸುಂದರೇಶ ಕಾಫಿ ಕುಡಿಯಲು ಹೊರಟ. ವಾಣಿ ಹೆಡ್‌ಫೋನನ್ನು ಕಿವಿಗೇರಿಸಿಕೊಂಡು ಪರದೆಯ ಮೇಲೆ ಒಂದರ ಕೆಳಗೊಂದು ಮಲಗಿದ್ದ ಹಸಿರು ಪಟ್ಟಿಗಳನ್ನು ನೋಡಿದಳು. ಒಂದೊಂದು ಪಟ್ಟಿಯೂ ಒಂದೊಂದು ಮೈಕಿನದು.

ಚಾಮರಾಜಪುರಂನ ಈ ಸ್ಟುಡಿಯೋದಲ್ಲಿ ಅವಳು ಹನ್ನೆರಡು ವರ್ಷ ಮದುವೆ ಫೋಟೋಗಳನ್ನು ಕತ್ತರಿಸಿ ಆಲ್ಬಂಗೆ ಅಂಟಿಸಿದವಳು. ಈಗ ಆಲ್ಬಂ ಯಾರಿಗೂ ಬೇಡ. ಮದುವೆಯೆಲ್ಲ ಫೋನಿನೊಳಗೇ ಇರಬೇಕು. ಬೇರೆ ಮಾಲೀಕನಾಗಿದ್ದರೆ ಕೈಗೊಂದು ಸ್ವೀಟ್ ಬಾಕ್ಸ್ ಕೊಟ್ಟು ಕಳಿಸಿಬಿಡುತ್ತಿದ್ದನೋ ಏನೋ. ಸುಂದರೇಶ ಕಂಪ್ಯೂಟರಿನ ಮುಂದೆ ಕೂರಿಸಿ, ಹಾಡ್ತಾ ಹಾಡ್ತಾ ರಾಗ, ವಿಡಿಯೋದ ಸೌಂಡ್ ಕೆಲಸ ಕಲಿ ಎಂದ. ಮೊದಲ ವಾರ ಅವಳು ಫ್ಯಾನಿನ ಸದ್ದು ತೆಗೆಯಲು ಹೋಗಿ ಐನೋರ ಮಂತ್ರವನ್ನೇ ತೆಗೆದುಹಾಕಿದ್ದಳು. ಅವರು ಪಾಪ ಗಡ್ಡ ಅಲ್ಲಾಡಿಸುತ್ತಿದ್ದರೇ ಹೊರತು ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಸುಂದರೇಶ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇವತ್ತಿನಿಂದ ನಿನ್ನ ಕೈಗೆ ನಿಮ್ಮ ಮನೆಯ ಮದುವೆಯನ್ನೇ ಕೊಡುತ್ತೇನೆ, ಕೆಟ್ಟರೂ ಕೇಳುವವರಿಲ್ಲ ಎಂದಿದ್ದ.

ಅದು ಅವಳ ತಮ್ಮ ಲೋಕೇಶನ ಮದುವೆ. ಮೂರು ತಿಂಗಳ ಹಿಂದೆ ಇದೇ ಸ್ಟುಡಿಯೋದವರು ತೆಗೆದದ್ದು. ಸುಂದರೇಶನೇ ವಿಡಿಯೋ ಮುಗಿಸಿ ಕೊಟ್ಟೂ ಆಗಿತ್ತು. ತಾಳಿ ಕಟ್ಟುವ ಜಾಗ ಬಂದರೆ ಅವನದೊಂದು ಪದ್ಧತಿ. ಇರುವ ಮೈಕುಗಳನ್ನೆಲ್ಲ ಮ್ಯೂಟ್ ಮಾಡಿ, ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಒಂದು ಶುದ್ಧವಾದ ಗಟ್ಟಿಮೇಳವನ್ನು ಮೇಲೆ ಹೊದಿಸಿಬಿಡುವುದು. ಊರಿನ ಎಷ್ಟೋ ಜನಕ್ಕೆ ತಾಳಿ ಬೇರೆ ಬೇರೆಯಾದರೂ ಮೇಳ ಒಂದೇ. ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

ವಾಣಿಗೆ ಈ ಮದುವೆಯನ್ನು ಮತ್ತೆ ನೋಡಲು ಮನಸ್ಸಿರಲಿಲ್ಲ. ಅವತ್ತಿನಿಂದ ಅವಳ ತಾಯಿ ಚೆಲುವಮ್ಮ ಮಗನ ಮನೆಯ ಹೊಸ್ತಿಲು ತುಳಿದಿಲ್ಲ. ಗಂಡ ಬೀರಯ್ಯ ತೀರಿಕೊಂಡಾಗ ಲೋಕೇಶ ಇನ್ನೂ ಎಸ್ಸೆಸ್ಸೆಲ್ಸಿ. ಅಲ್ಲಿಂದ ಅವನನ್ನು ದಡ ಸೇರಿಸಿದವಳು ಚೆಲುವಮ್ಮನೇ. ಆದರೆ ಗಂಡನಿಲ್ಲದವಳು ಮುಹೂರ್ತದ ಹೊತ್ತಿಗೆ ಮುಂದೆ ನಿಲ್ಲಬಾರದು. ಹಾಗೆಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮದುವೆಗೆ ವಾರವಿರುವಾಗ ಲೋಕೇಶ ಅಡುಗೆಮನೆಗೇ ಬಂದು ಅವ್ವನಿಗೆ ಮಾತು ಕೊಟ್ಟಿದ್ದ: ತಾಳಿ ಕಟ್ಟುವ ಮುಂಚೆ ನಾನೇ ಕರೆಯುತ್ತೇನೆ, ಬಂದು ಪಕ್ಕದಲ್ಲಿ ನಿಲ್ಲಬೇಕು, ಯಾರು ಏನಂತಾರೋ ನೋಡೇಬಿಡೋಣ. ಚೆಲುವಮ್ಮ ಬೇಡ ಬೇಡ ಎನ್ನುತ್ತಲೇ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹರಡಿದ್ದಳು.

ಮದುವೆಯ ದಿನ ಮಂಟಪ ಕಾಣುವಂತೆ ಊಟದ ಹಾಲ್‌ನ ಬಾಗಿಲಲ್ಲಿ ಅದೇ ಸೀರೆಯುಟ್ಟು ಕಾದಳು. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು, ಕರೆ ಬರಲಿಲ್ಲ. ಸಂಜೆ ಕೃಷ್ಣಮೂರ್ತಿಪುರಂನ ಮಗಳ ಮನೆಗೆ ಎರಡು ದಿನ ಇದ್ದು ಹೋಗುತ್ತೇನೆಂದು ಬಂದವಳು ಅಲ್ಲೇ ಉಳಿದಳು. ಬೋಗಾದಿಯ ಮಗನ ಮನೆಗೆ ಹೋಗು ಎಂದರೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಒಂದೇ ಒಂದು ದಿನ, ಅವರೆಕಾಯಿ ಸುಲಿಯುತ್ತಾ, "ಕರೀತೀನಿ ಅಂದೋನು ಕರೀಲಿಲ್ಲ ಕಣವ್ವ. ಬುಡು, ಎಲ್ಲಾರೂ ಅಂಗೇ," ಎಂದಿದ್ದಳು. ಲೋಕೇಶನೂ ಕಮ್ಮಿಯಿಲ್ಲ. ಬಂದರೆ ಗೇಟಿನಲ್ಲೇ ನಿಂತು ಹಣ್ಣಿನ ಚೀಲ ಕೊಟ್ಟು, ಅವ್ವನಿಗೇ ಇಷ್ಟವಿಲ್ಲದ ಮೇಲೆ ನಾನೇನು ಮಾಡಲಿ ಎಂದು ಹೋಗುತ್ತಿದ್ದ. ಹೆಂಡತಿ ಬಂದ ಮೇಲೆ ಇವನ ವರಸೆ ಬದಲಾಯಿತು ಎಂದೇ ವಾಣಿಯೂ ತೀರ್ಮಾನಿಸಿದ್ದಳು. ಪಾಪದ ಆ ಹುಡುಗಿಗೆ ಇದರ ಗಾಳಿಯೂ ತಿಳಿಯದು.

ಕಲಿಯಬೇಕಲ್ಲ. ಅವಳು ಮೊದಲು ಮಂಟಪದ ಮೈಕನ್ನು ಎಬ್ಬಿಸಿದಳು. ಐನೋರ ದನಿ ಬಂತು. ಎರಡನೆಯದು ವಾಲಗದವರ ಮುಂದಿನ ಮೈಕು. ಮೂರನೆಯದು ಲೋಕೇಶನ ಅಂಗಿಯ ಕಾಲರಿನೊಳಗೆ ಸಿಕ್ಕಿಸಿದ್ದ ಪುಟ್ಟ ಮೈಕು. ಅದರಲ್ಲೂ ಮುಹೂರ್ತದ ಹೊತ್ತಿಗೆ ಬರೀ ಡೋಲಿನ ಗುಡುಗು. ಡೋಲಿನ ಸದ್ದು ತಳದಲ್ಲಿರುತ್ತದೆ, ನಾದಸ್ವರ ಮೇಲಿರುತ್ತದೆ, ಮನುಷ್ಯರ ಮಾತು ನಡುವೆ ಸಿಕ್ಕಿಕೊಂಡಿರುತ್ತದೆ ಎಂದು ಸುಂದರೇಶ ಹೇಳಿಕೊಟ್ಟಿದ್ದ. ತಳವನ್ನು ಕತ್ತರಿಸಿದಳು, ಮೇಲಿನದನ್ನು ಇಳಿಸಿದಳು, ನಡುವನ್ನು ಎತ್ತಿದಳು. ಗುಡುಗು ಹಿಂದಕ್ಕೆ ಸರಿಯಿತು. ಘಳಿಗೆ ಮೀರುತ್ತದೆ, ಬೇಗ ಕಟ್ಟಪ್ಪ ಎಂದು ಐನೋರು ಅವಸರ ಮಾಡುತ್ತಿದ್ದರು.

"ಒಂದ್ ನಿಮಿಷ ಐನೋರೇ," ಎಂದ ಲೋಕೇಶ. ಆಮೇಲೆ, "ಅವ್ವ."

ವಾಣಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. "ಅವ್ವ, ಬಾ ಇಲ್ಲಿ." ಮತ್ತೊಮ್ಮೆ, ಗಂಟಲು ಹರಿಯುವಂತೆ, "ಅವ್ವ, ಬಾ." ಆಮೇಲೆ ತನಗೆ ತಾನೇ ಹೇಳಿಕೊಂಡದ್ದಿರಬೇಕು, ಸಣ್ಣ ದನಿಯಲ್ಲಿ, "ನನ್ನೇ ನೋಡ್ತಾವ್ಳೆ. ಬತ್ತಾ ಇಲ್ಲ."

ವಾಣಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ತಾಳಿ ಕಟ್ಟುವಾಗ ಸೀನು, ಅಳು, ಅಪಶಕುನದ ಯಾವ ಸದ್ದೂ ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ ಬಾರಿಸುವುದು. ಮುಚ್ಚುವುದಷ್ಟೇ ಅದಕ್ಕೆ ಗೊತ್ತು. ಯಾವುದನ್ನು ಮುಚ್ಚಬೇಕೆಂದು ಆರಿಸುವುದು ಅದರ ಕೆಲಸವಲ್ಲ. ಕ್ಯಾಮೆರಾ ಆಗ ತಾಳಿಯನ್ನೇ ನೋಡುತ್ತಿತ್ತು, ಅವನ ಮುಖವನ್ನಲ್ಲ. ಮಗ ಕರೆಯಲಿಲ್ಲವೆಂದು ಅವ್ವ ನೊಂದಳು, ಕರೆದರೂ ಅವ್ವ ಬರಲಿಲ್ಲವೆಂದು ಮಗ ನೊಂದ, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮೂರು ತಿಂಗಳು ಕಳೆದರು. ಎಂಥಾ ಅಭಿಮಾನದ ಜನ ಇವರು ಎಂದು ಅವಳಿಗೆ ಇಬ್ಬರ ಮೇಲೂ ಸಿಟ್ಟು ಬಂತು, ಆಮೇಲೆ ಇಬ್ಬರ ಮೇಲೂ ಮುದ್ದು ಬಂತು.

ಕಾಫಿ ಮುಗಿಸಿ ಬಂದ ಸುಂದರೇಶನ ಕಿವಿಗೆ ಹೆಡ್‌ಫೋನ್ ಕೊಟ್ಟಳು. ಕೇಳಿ ಮುಗಿದ ಮೇಲೂ ಅವನು ಅದನ್ನು ತೆಗೆಯಲಿಲ್ಲ. ಆ ಮೈಕನ್ನು ಕೇಳಿಯೂ ನೋಡದೆ ಮ್ಯೂಟ್ ಮಾಡಿದ್ದು ತಾನೇ ಎಂದು ಕೊನೆಗೆ ಒಪ್ಪಿಕೊಂಡ. ಅವ್ವನ ಫೋನಿಗೆ ಕಳಿಸಿಬಿಡು ಎಂದರೆ ವಾಣಿ ಒಪ್ಪಲಿಲ್ಲ. ಫೋನಿನ ಸ್ಪೀಕರಿನಲ್ಲಿ ಅದು ಕೇಳುವಂಥದ್ದಾಗಿರಲಿಲ್ಲ. ಅವತ್ತೆಲ್ಲ ಕೂತು ವಾಲಗವನ್ನು ಇನ್ನೂ ಇಳಿಸಿದಳು, ತಮ್ಮನ ದನಿಯನ್ನು ಒಂದೊಂದೇ ಮಾತಿಗೆ ಎತ್ತಿ ಕೂರಿಸಿದಳು. ಎಲ್ಲೂ ಒಡೆಯದಂತೆ, ಎಲ್ಲೂ ಮುಳುಗದಂತೆ. ಅವಳು ಕಲಿತ ಮೊದಲ ಮಿಕ್ಸಿಂಗ್ ಅದು.

ಮಾರನೆಯ ದಿನ ಮಧ್ಯಾಹ್ನ, ನನ್ನ ಕೆಲಸ ಹೇಗಿದೆ ನೋಡುವಂತೆ ಬಾ ಎಂದು ಅವ್ವನನ್ನು ಕರೆತಂದಳು. ಚೆಲುವಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಹೆಡ್‌ಫೋನು ತುರುಬಿಗೆ ತಗುಲಿ ಜಾರುತ್ತಿತ್ತು. ವಾಣಿ ಸರಿಮಾಡಿ, ಕೇಳವ್ವ ಎಂದಳು. ಕೋಣೆಯಲ್ಲಿ ಬೇರೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಗೆರೆಯೊಂದು ಪಟ್ಟಿಗಳನ್ನು ದಾಟುತ್ತಾ ಹೋಗುತ್ತಿತ್ತು. ಅದು ಆ ಜಾಗಕ್ಕೆ ಬಂದಾಗ ಚೆಲುವಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಎಂದು ಬೆರಳು ತೋರಿಸಿದಳು. ಆಮೇಲೆ ಇನ್ನೊಂದು ಸಲ.

"ಅವನ್ ಬಾಯಿ ಆಡ್ತಿದ್ದದ್ದು ಕಂಡೆ ಕಣವ್ವ ನಾನು," ಎಂದಳು ಹೆಡ್‌ಫೋನ್ ಕೆಳಗಿಳಿಸಿ. "ಮಂತ್ರ ಯೋಳ್ತಾವ್ನೆ ಅನ್ಕಂಡೆ."

ಚೆಲುವಮ್ಮ ಕಣ್ಣು, ಮೂಗು, ಕೊರಳು ಎಲ್ಲವನ್ನೂ ಒರೆಸಿಕೊಂಡು ಪರದೆಯತ್ತ ನೋಡಿದಳು. ವಾಲಗವನ್ನು ಅಷ್ಟು ಸಣ್ಣಗೆ ಮಾಡಿದವರು ಯಾರು ಎಂದು ಕೇಳಿದಳು. ನಿನಗೆ ಕೇಳಿಸಲಿ ಅಂತ ನಾನೇ ಮಾಡಿದೆ ಎಂದಳು ಮಗಳು.

"ಕೇಳಿಸ್ತಲ್ಲ. ಇನ್ನು ಎಂಗಿತ್ತೋ ಅಂಗೇ ಮಾಡು. ಮಗನ್ ಮುಹೂರ್ತ ಕಣವ್ವ. ವಾಲಗ ಜೋರಾಗೇ ಇರ್ಬೇಕು."

ವಾಣಿ ಸುಂದರೇಶನ ಮುಖ ನೋಡಿದಳು, ಅವನು ತಲೆಯಾಡಿಸಿದ. ಒಂದು ದಿನವೆಲ್ಲ ಕೂತು ಮಾಡಿದ್ದನ್ನು ಅವಳು ಒಂದೊಂದಾಗಿ ಬಿಚ್ಚಿದಳು. ಕತ್ತರಿಸಿದ ಡೋಲಿನ ತಳ ವಾಪಸು ಬಂತು, ನಾದಸ್ವರ ಏರಿತು, ಪಟ್ಟಿಗಳು ದಪ್ಪಗಾಗಿ ಲೋಕೇಶನ ದನಿ ಅದರೊಳಗೆ ಮುಚ್ಚಿಹೋಯಿತು. ಚೆಲುವಮ್ಮ ತಾನೇ ಹೆಡ್‌ಫೋನ್ ಹಾಕಿಕೊಂಡಳು. ಗೆರೆ ಮತ್ತೆ ಹೊರಟಿತು. ಈಗ ಅದರಲ್ಲಿ ಡೋಲು ಬಿಟ್ಟು ಮತ್ತೇನೂ ಕೇಳಿಸದೆಂದು ವಾಣಿಗೆ ಗೊತ್ತಿತ್ತು. ಆದರೂ ಆ ಜಾಗ ಬರುತ್ತಲೇ ಚೆಲುವಮ್ಮ ಕತ್ತೆತ್ತಿದಳು.

ಕಿವಿ ತುಂಬ ವಾಲಗವಿದ್ದವರಿಗೆ ತಮ್ಮ ದನಿಯ ಅಳತೆ ಸಿಕ್ಕುವುದಿಲ್ಲ. ನಿಶ್ಶಬ್ದವಾಗಿದ್ದ ಆ ಪುಟ್ಟ ಕೋಣೆಯಲ್ಲಿ, ಇಡೀ ಕಲ್ಯಾಣಮಂಟಪಕ್ಕೆ ಕೇಳುವಂತೆ, "ಬಂದೆ ತಾಳಪ್ಪ," ಎಂದಳು. ಎಂದವಳು ಕುರ್ಚಿಯ ಕೈ ಹಿಡಿದು ಎದ್ದೇಬಿಟ್ಟಳು. ಹೆಡ್‌ಫೋನಿನ ತಂತಿ ಅಷ್ಟುದ್ದ ಇರಲಿಲ್ಲ. ಎಳೆದ ರಭಸಕ್ಕೆ ಅದು ಕಂಪ್ಯೂಟರಿನಿಂದ ಕಳಚಿಕೊಂಡಿತು, ಗೋಡೆಯ ಎರಡೂ ಸ್ಪೀಕರುಗಳಿಂದ ಗಟ್ಟಿಮೇಳ ಹೊರಗೆ ಬಂದು ಕೋಣೆಯ ತುಂಬ ಮೊಳಗಿತು.