ಸಹಿ ಹಾಕದವನು

ಕರೆಗಂಟೆ ಸದ್ದಾದರೆ ಉಸಿರು ಬಿಗಿಹಿಡಿದು, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ನಿಂತುಬಿಡುವುದು ಹಲ್ಲಿನವನ ಅಭ್ಯಾಸವಾಗಿತ್ತು. ಕಟ್ಟುಹಲ್ಲಿನ ಸೆಟ್ಟುಗಳನ್ನು ಮಾಡಿ ದಂತವೈದ್ಯರಿಗೆ ಒದಗಿಸುವ ಕೆಲಸ ಅವನದು. ಬೀದಿಯವರ ಬಾಯಲ್ಲಿ ಅದೇ ಅವನ ಹೆಸರೂ ಆಗಿಹೋಗಿತ್ತು. ಅಪರಿಚಿತರ ದವಡೆಯ ಏರಿಳಿತಗಳನ್ನು ಮೇಣದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಮೂಡಿಸುವ ಬೆರಳುಗಳು, ಅಂಚೆಯವನು ಪೆನ್ನು ಚಾಚಿದರೆ ಮಾತ್ರ ಜೇಬಿನೊಳಗೆ ಸೇರಿಕೊಳ್ಳುತ್ತಿದ್ದವು. ಪಿಂಗಾಣಿ ಸುಡುವ ಕುಲುಮೆಗೆಂದು ಮಾಡಿದ ಸಾಲದ ಕಂತು ತಪ್ಪಿ, ಸಾಲ ಕೊಟ್ಟ ಕಂಪನಿ ದಾವೆ ಹೂಡಿದ ಮೇಲೆ, ತಾನು ಸಹಿ ಹಾಕದಿದ್ದರೆ ಕೇಸು ಮುಂದಕ್ಕೆ ಹೋಗದೆಂಬ ನಂಬಿಕೆ ಅವನಲ್ಲಿ ಬೇರೂರಿತು. ಕೋರ್ಟಿನ ಜವಾನ ಬಾಗಿಲಿಗೆ ಅಂಟಿಸಿ ಹೋದ ನೋಟಿಸನ್ನೂ ಬಿಸಿನೀರು ಸವರಿ, ಬಣ್ಣ ಕೀಳದಂತೆ ಜತನದಿಂದ ಬಿಡಿಸಿ, ಓದದೆಯೇ ಕಸಕ್ಕೆ ಹಾಕಿದ.

ಒಂದು ಬೆಳಿಗ್ಗೆ ಅಕ್ಕನ ಇನ್ಸುಲಿನ್ ಕೊಳ್ಳಲು ಹೋದಾಗ ಔಷಧದಂಗಡಿಯಲ್ಲಿ ಅವನ ಕಾರ್ಡು ನಡೆಯಲಿಲ್ಲ. ಬ್ಯಾಂಕಿನವರೆಗೂ ಗೋಡೆಗೆ ಆತುಕೊಂಡೇ ನಡೆದ.

"ನಾನು ಯಾವುದಕ್ಕೂ ಸಹಿನೇ ಹಾಕಿಲ್ವಲ್ಲ ಮೇಡಂ," ಎಂದ.

"ಅದಕ್ಕೇ ಸರ್. ನೀವು ಕೋರ್ಟಿಗೆ ಹೋಗಲಿಲ್ಲ ಅಂತ ಸಾಲದ ಕಂಪನಿ ಕಡೆಗೇ ಡಿಕ್ರಿ ಆಗಿದೆ," ಎಂದರು ಮ್ಯಾನೇಜರು, ದನಿ ತಗ್ಗಿಸಿ.

ಆ ಡಿಕ್ರಿಯ ಬಲದ ಮೇಲೆ ಕಂಪನಿ ಮತ್ತೆ ಕೋರ್ಟಿಗೆ ಹೋಗಿತ್ತು. ಖಾತೆಯ ಹಣವನ್ನು ಅವನಿಗೆ ಕೊಡದೆ ತಡೆಹಿಡಿಯಬೇಕೆಂದು ಬ್ಯಾಂಕಿಗೆ ಆದೇಶ ಬಂದಿತ್ತು. ನಾಳೆ ಸಂಜೆಯೊಳಗೆ ಆಕ್ಷೇಪಣೆ ಸಲ್ಲಿಸದಿದ್ದರೆ ಹಣ ಕೋರ್ಟಿಗೆ, ಅಲ್ಲಿಂದ ಕಂಪನಿಗೆ. ಖಾತೆ ಜಂಟಿಯಾಗಿದ್ದುದರಿಂದ ಅಕ್ಕನ ಪೆನ್ಷನ್ನೂ ಅದರೊಳಗೆ ಸಿಕ್ಕಿಬಿದ್ದಿತ್ತು. ಪೆನ್ಷನ್ನನ್ನು ಸಾಲಕ್ಕೆ ಮುಟ್ಟುವಂತಿರಲಿಲ್ಲ. ಆದರೆ ಅದು ಪೆನ್ಷನ್ನೆಂದು ಯಾರಾದರೂ ಹೋಗಿ ಹೇಳಬೇಕಿತ್ತು.

ಮನೆಗೆ ಬಂದು ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಸೀಸೆಯನ್ನು ಬೆಳಕಿಗೆ ಹಿಡಿದ. ತಳದಲ್ಲಿ ತುಸುವೇ ಉಳಿದಿತ್ತು. ವಿಷಯ ಕೇಳಿದ ಅಕ್ಕ ಬೈಯಲಿಲ್ಲ.

"ಹಂಗಾದ್ರೆ ನಿನ್ನ ಜೊತೆ ಸೇರಿ ನನ್ನ ಪೆನ್ಷನ್ನೂ ಬಾಗಿಲು ಹಾಕ್ಕೊಂಡು ಕೂತಿದೆ ಅನ್ನು," ಎಂದಳು. ಸೀಸೆಯತ್ತ ಮಾತ್ರ ಅವಳು ನೋಡಲಿಲ್ಲ. ಅವಳು ನೋಡದಿದ್ದುದನ್ನು ಕಂಡು ಅವನು ಮತ್ತೆ ಚಪ್ಪಲಿ ಮೆಟ್ಟಿ, ವಕೀಲೆಯೊಬ್ಬರನ್ನು ಹುಡುಕಿಕೊಂಡು ಹೊರಟ.

ಮರುದಿನ ಕೋರ್ಟಿನ ಕಿಟಕಿಯಲ್ಲಿ, ಅಕ್ಕನ ಪೆನ್ಷನ್ ಬಿಡಬೇಕೆಂದು ವಕೀಲೆ ಬರೆದುಕೊಟ್ಟ ಆಕ್ಷೇಪಣೆಯ ಅರ್ಜಿಯನ್ನು ಗುಮಾಸ್ತ ಹರಡಿ, ಸಹಿಯ ಜಾಗಕ್ಕೆ ಬೆರಳಿಟ್ಟ. ಹಲ್ಲಿನವನ ಅಕ್ಷರಗಳು ಡೊಂಕುಡೊಂಕಾಗಿ ಗೆರೆ ದಾಟಿಹೋದವು. ಹಣ ಬಿಡುಗಡೆಯಾಗುತ್ತದೆಯೋ ಇಲ್ಲವೋ ಗುಮಾಸ್ತನಿಗೂ ಗೊತ್ತಿರಲಿಲ್ಲ. ಅದನ್ನು ಜಡ್ಜು ನೋಡಬೇಕು ಎಂದ.

ಇಂಥವರು ಮೋಸಗಾರರಲ್ಲ, ಸೋಮಾರಿಗಳೂ ಅಲ್ಲ. ಕೆಟ್ಟ ಸುದ್ದಿ ತಮ್ಮ ಕಿವಿಗೆ ಬೀಳುವವರೆಗೂ ಅದು ನಡೆದೇ ಇಲ್ಲವೆಂದು ನಂಬಿ ಬದುಕುವವರು. ಅವರಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ. ತಮ್ಮವರೊಬ್ಬರ ಸಲುವಾಗಿ ಇನ್ನೂ ದೊಡ್ಡದೊಂದು ಭಯ ಎದುರಾದಾಗ ಮಾತ್ರ ಅವರು ಎದ್ದು ಹೊರಡುತ್ತಾರೆ, ಅದೂ ನಡುಗುತ್ತಲೇ.