ಗಾಳಿಮನೆಯಲ್ಲಿ ಕಾರು

"ಆಕಾಶ ನೋಡೋಕೆ ಕೂಲಿ ಕೊಡ್ತಾರೇನೇ ನಿಂಗೆ? ಮೊಟ್ಟೆ ನೋಡೇ, ಬೇವರ್ಸಿ."

ಮೇಸ್ತ್ರಿ ಬೈದದ್ದು ದೀಪದಕ್ಕನಿಗೆ. ಕೋಳಿ ಫಾರಂನ ತಗಡಿನ ಶೆಡ್ಡಿನಲ್ಲಿ ಉರಿಯುವ ಬಲ್ಬಿನ ಮುಂದೆ ಒಂದೊಂದೇ ಮೊಟ್ಟೆ ಹಿಡಿದು ಬಿರುಕು ಹುಡುಕುವುದು ಅವಳ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ. ಮನುಷ್ಯರ ಮಾತನ್ನೂ ಅವಳು ಬೆಳಕಿಗೆ ಹಿಡಿದೇ ನಂಬುತ್ತಿದ್ದಳು.

ಚಳಿ ಮುಗಿದು ಸೆಕೆ ಇನ್ನೂ ಕೂರದ ದಿನಗಳು. ದಕ್ಷಿಣದ ಆ ಬಯಲಿನಲ್ಲಿ ಬೆಳಿಗ್ಗೆ ಹೊದ್ದು ಬಂದ ಶಾಲು ಮಧ್ಯಾಹ್ನಕ್ಕೆ ಬೆವರು ಒರೆಸುವ ಬಟ್ಟೆಯಾಗುತ್ತಿತ್ತು, ಸಂಜೆಗೆ ಆಲಿಕಲ್ಲು. ಹೋದ ವರ್ಷ ಇದೇ ದಿನಗಳಲ್ಲಿ ಸುಂಟರಗಾಳಿಗೆ ಹಳೇ ಶೆಡ್ಡು ಕುಸಿದು ಅವಳ ನಾದಿನಿ ಸತ್ತಿದ್ದಳು. ಆಮೇಲೆ ಸರ್ಕಾರದ ತಾಕೀತಿನ ಮೇಲೆ, ಸುಂಟರಗಾಳಿ ಬಂದಾಗ ಕೆಲಸಗಾರರು ಹೊಕ್ಕು ಕೂರಲೆಂದು ಕಾಂಕ್ರೀಟಿನ ಗಾಳಿಮನೆ ಕಟ್ಟಿದರು. ಅಧಿಕಾರಿ ಬಂದು ಫೋಟೊ ತೆಗೆಸಿಕೊಂಡು ಹೋದ. ಕೆಲಸಗಾರರು ಮಾತ್ರ ಅದರೊಳಗೆ ಇನ್ನೂ ಕಾಲಿಟ್ಟಿರಲಿಲ್ಲ.

ದಿನಾ ಬೆಳಿಗ್ಗೆ ಎಲ್ಲರ ಫೋನೂ ಮೇಸ್ತ್ರಿಯ ಬಕೆಟ್ಟಿಗೆ ಬೀಳಬೇಕು. ಅದು ಧಣಿಯ ಕಟ್ಟಳೆ. ಗಾಳಿ ಬಂದರೆ ಕೂಗುವ ಸೈರನ್ನೂ ಅಲ್ಲಿರಲಿಲ್ಲ. ಹಾಗಾಗಿ ಹವಾಮಾನ ತಿಳಿಯಲು ದೀಪದಕ್ಕ ನೋಡುತ್ತಿದ್ದದ್ದು ಆಕಾಶವನ್ನಲ್ಲ, ಧಣಿಯ ಕಾರನ್ನು; ಗಾಳಿಯ ಸುಳಿವು ಸಿಕ್ಕರೆ ಮೊದಲು ಗಾಳಿಮನೆ ಸೇರುತ್ತಿದ್ದದ್ದು ಅದೇ. ಈಗಷ್ಟೇ ಮೇಸ್ತ್ರಿ ಅದನ್ನು ಗಾಳಿಮನೆಯೊಳಗೆ ನಿಲ್ಲಿಸಿ ಬಂದಿದ್ದ.

"ಕಾರು ಯಾಕ್ರೀ ಒಳಗೆ ಹೋಯ್ತು?"

"ಬಿಸಿಲಿಗೆ ಬಣ್ಣ ಹೋಗುತ್ತೆ."

"ಬಿಸಿಲೆಲ್ಲಿದೆ?"

"ಜಾಸ್ತಿ ಮಾತಾಡಿದ್ರೆ ನಾಳೆಯಿಂದ ಬರ್ಬೇಡ."

"ನಮ್ಮ ಬಣ್ಣ ಗಟ್ಟಿ ಬಿಡಕ್ಕ, ಎಷ್ಟು ನೆನೆದ್ರೂ ಹೋಗಲ್ಲ," ಎಂದ ಟ್ರೇ ಹೊರುವ ಕುಂಟ. ಹಿಂದೆ ಲಾರಿ ಓಡಿಸುತ್ತಿದ್ದವನು.

ಗಾಳಿ ಥಟ್ಟನೆ ನಿಂತಿತು. ಸಾವಿರಾರು ಕೋಳಿಗಳು ಒಟ್ಟಿಗೆ ಸುಮ್ಮನಾದವು. ಆ ಮೌನದಲ್ಲಿ ಬಕೆಟ್ಟಿನೊಳಗಿನ ಫೋನುಗಳೆಲ್ಲ ಏಕಕಾಲಕ್ಕೆ ಎಚ್ಚರಿಕೆಯ ಸದ್ದಿನಲ್ಲಿ ಕಿರುಚಿಕೊಂಡವು. ಮೇಸ್ತ್ರಿ ಅದರ ಮೇಲೆ ಗೋಣಿಚೀಲ ಎಸೆದ.

"ಏನೂ ಇಲ್ಲ. ಕಂಪನಿಯವರದ್ದು, ದಿನಾ ಬರೋ ಮೆಸೇಜು. ಕೂತ್ಕೊಳ್ರೇ."

ಅಷ್ಟು ಹೇಳಿ, ತನ್ನ ಫೋನನ್ನು ಕಿವಿಗೊತ್ತಿಕೊಂಡು ಧಣಿಯ ಆಫೀಸಿನತ್ತ ಬಿರಬಿರನೆ ನಡೆದ.

ದೀಪದಕ್ಕ ಕೈಯಲ್ಲಿದ್ದ ಮೊಟ್ಟೆಯನ್ನು ಟ್ರೇಯಲ್ಲಿಟ್ಟು ಬಕೆಟ್ ಎತ್ತಿಕೊಂಡಳು. "ಏಳ್ರೇ. ನನ್ನ ನಾದಿನೀಗೂ ಹಿಂಗೇ ಕೂತ್ಕೋ ಅಂದಿದ್ರು."

ಗಾಳಿಮನೆಯ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಗೋಡೆಯಿಂದ ಗೋಡೆಗೆ ಕಾರು. ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಸಂದಿ. ಕುಂಟ ಕಬ್ಬಿಣದ ಸಲಾಕೆಯಿಂದ ಕಾರಿನ ಕಿಟಕಿಗೆ ಒಂದೇಟು ಹಾಕಿದ. ಕಾರು ಬಾಯಿ ಬಡಿದುಕೊಳ್ಳತೊಡಗಿತು.

"ಸೈರನ್ ಇಲ್ಲ ಅಂತಿದ್ರಲ್ಲಕ್ಕ, ತಗೊಳ್ಳಿ," ಎನ್ನುತ್ತ ಒಳಗೆ ಕೈ ಹಾಕಿ ಗೇರು ತಪ್ಪಿಸಿ, ಬ್ರೇಕು ಬಿಟ್ಟ.

ಹೆಂಗಸರು ಸಂದಿಯಲ್ಲಿ ನುಸುಳಿ, ಕಾರಿನ ಮುಂಭಾಗಕ್ಕೆ ಹೆಗಲು ಕೊಟ್ಟು ನೂಕಿದರು. ಕಾರು ಹಿಮ್ಮುಖವಾಗಿ ಬಯಲಿಗೆ ಉರುಳಿ ನಿಲ್ಲುವಷ್ಟರಲ್ಲಿ ಮೊದಲ ಆಲಿಕಲ್ಲು ಅದರ ಬಾನೆಟ್ಟಿಗೆ ಬಿತ್ತು. ಮೊಟ್ಟೆಯಷ್ಟೇ ದಪ್ಪ.

ಎಲ್ಲರೂ ಒಳಗಾದರು. ಬಾಗಿಲೆಳೆಯುವ ಹೊತ್ತಿಗೆ ಮೇಸ್ತ್ರಿ ತಲೆಗೆ ಟ್ರೇ ಹಿಡಿದು ಓಡಿಬಂದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನ ಬೆನ್ನ ಹಿಂದೆ ಶೆಡ್ಡಿನ ಒಂದು ತಗಡು ಮೇಲೆದ್ದು ಹಾರಿತು.

"ಅಕ್ಕಾ, ಜಾಗ ಬಿಡಿ."

ದೀಪದಕ್ಕ ಬಾಗಿಲಿಗಡ್ಡ ನಿಂತು ಬಕೆಟ್ ಮುಂದೆ ಚಾಚಿದಳು.

"ಫೋನ್ ಇದ್ರಲ್ಲಿ ಹಾಕು. ಆಮೇಲೆ ಒಳಗೆ ಬಾ."

ಅವನ ಕೈಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಧಣಿಯ ಕರೆ. ಅವನು ಫೋನು ನೋಡಿದ, ಕಾರು ನೋಡಿದ, ಅವಳ ಮುಖ ನೋಡಿದ.

ಬಕೆಟ್ ಕದಲಲಿಲ್ಲ.