ಓದದೆ ಕೊಟ್ಟ ಒಪ್ಪಿಗೆ

"ಇನ್ನು ಯಾರು ಬೇಕಾದರೂ ಮುಚ್ಚಿಟ್ಟು ಮಾರಿಕೊಳ್ಳಬಹುದು, ಅಷ್ಟೇ ತಾನೆ ಸಾರ್?" ಸದರ್ನ್ ಅವೆನ್ಯೂವಿನ ಮುರಾರಿಯವರ ಮನೆಯ ಬಾಗಿಲಲ್ಲೇ ನಿಂತು ತ್ರಿವಿಕ್ರಮ ಕೇಳಿದ. ಚಪ್ಪಲಿ ಬಿಡುವುದನ್ನು ಮರೆತಿದ್ದ.

ಮುರಾರಿ ಚಹಾದ ಕಪ್ಪು ಕೆಳಗಿಟ್ಟರು. "ಮೊದಲು ಒಳಗೆ ಬನ್ನಿ."

ಬೆಳಿಗ್ಗೆ ಟಾಲಿಗಂಜಿನ ಸೈಬರ್ ಕೆಫೆಯಲ್ಲಿ ಇಮೇಲ್ ತೆರೆದಾಗ ಅವನಿಗೆ ವಿಷಯ ತಿಳಿದಿತ್ತು. ವಿಷಯ ಅವರೆಲ್ಲ ಸೇರಿ ಬರೆದ ತಂತ್ರಾಂಶದ್ದು, ಕಂಪ್ಯೂಟರಿನಲ್ಲಿ ಕನ್ನಡ, ಬಂಗಾಳಿ ಅಕ್ಷರ ಮೂಡಿಸುವಂಥದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ಬಂದು, ತ್ರಿವಿಕ್ರಮ ಅದರ ಒಂದು ಭಾಗವನ್ನು ಆರು ವರ್ಷ ಬಿಟ್ಟಿಯಾಗಿ ಬರೆದಿದ್ದ. ಹಳೆಯ ಪರವಾನಗಿಯಲ್ಲಿ ಒಂದು ಷರತ್ತಿತ್ತು: ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಎಲ್ಲರಿಗೆ ತೆರೆದಿಡಬೇಕು. ಯೋಜನೆ ಆರಂಭಿಸಿದ ಮುರಾರಿ ಆ ಷರತ್ತನ್ನೇ ಕಿತ್ತುಹಾಕಿದ್ದರು.

ಬರುವ ದಾರಿಯಲ್ಲಿ ಕೆಂಬಾವುಟದ ಮೆರವಣಿಗೆಯೊಂದು ಟ್ರಾಮನ್ನು ತಡೆದಿತ್ತು. "ಚೋಲ್ಬೆ ನಾ, ಚೋಲ್ಬೆ ನಾ!" ನಡೆಯದು, ನಡೆಯದು. ಯಾವುದು ನಡೆಯದೆಂದು ಪಕ್ಕದವನನ್ನು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

"ನನ್ನನ್ನೊಂದು ಮಾತು ಕೇಳಬಾರದಿತ್ತೇ?"

"ಕೇಳಿದ್ದೆನಲ್ಲ. ಬರೆದವರನ್ನೆಲ್ಲ ಕೇಳಿದ್ದೆ." ಮುರಾರಿ ಪರದೆಯನ್ನು ಅವನತ್ತ ತಿರುಗಿಸಿದರು. ಷರತ್ತು ತೆಗೆಯಬಹುದೇ ಎಂದು ಕೇಳಿ ದುರ್ಗಾಪೂಜೆಯ ರಜೆಯಲ್ಲಿ ಕಳಿಸಿದ ಪತ್ರ. ಕೆಳಗೆ ತ್ರಿವಿಕ್ರಮನದೇ ಉತ್ತರ: ಆಗಲಿ ಸಾರ್.

ಓದದೆ ಬರೆದಿದ್ದ. ಮುರಾರಿ ಕೇಳಿದ್ದಕ್ಕೆಲ್ಲ ಅವನು ಬರೆಯುತ್ತಿದ್ದುದೇ ಅದು.

ಕೂಗಾಡಲು ಬಂದವನಿಗೆ ಕೂಗಾಡಲು ಯಾರೂ ಉಳಿದಿರಲಿಲ್ಲ.

"ಕಂಪನಿಗಳು ಆ ಷರತ್ತಿಗೇ ಹೆದರ್ತಿದ್ವು ಸಾರ್," ಎಂದಳು ಮೂಲೆಯಲ್ಲಿ ಕೂತಿದ್ದ ಶೋಭನಾ, ಮುರಾರಿಯವರ ವಿದ್ಯಾರ್ಥಿನಿ. "ಈಗ ಲಕ್ಷಾಂತರ ಜನಕ್ಕೆ ತಲುಪುತ್ತೆ. ನಂಗಂತೂ ಈಗ್ಲೇ ಕೆಲ್ಸ ಮಾಡೋ ಹುರುಪು ಬಂದಿದೆ. ನೀವು ಬರೆದದ್ದು ಉಳಿಯುತ್ತೆ, ಸಾಕಲ್ವಾ?"

ಸಾಕಾಗಬೇಕಿತ್ತು. ಪುಕ್ಕಟೆ ಕೊಡುತ್ತಿದ್ದೇನೆಂದು ಬೀಗಿದವನು ತಾನೇ. ಹಾಗಾದರೆ ಆರು ವರ್ಷ ತನ್ನನ್ನು ಪರದೆಯ ಮುಂದೆ ಕೂರಿಸಿದ್ದು ಕೊಡುವ ಸುಖವೋ, ಕೊಟ್ಟ ಮೇಲೂ ತನ್ನ ಮಾತೇ ನಡೆಯುತ್ತದೆಂಬ ಸುಖವೋ? ಹಾಗೆ ಕೇಳಿದ್ದು ಬೇರಾರೂ ಅಲ್ಲ, ತಾನೇ ಎಂದು ತಿಳಿದು ಬೆಚ್ಚಿದ.

"ಹೇಗೂ ಬಂದಿದ್ದೀರಿ, ಇದೊಂದು ನೋಡಿ. ನಿಮ್ಮ ಭಾಗದ್ದೇ ತಪ್ಪು." ಮುರಾರಿ ಕುರ್ಚಿ ಬಿಟ್ಟುಕೊಟ್ಟರು.

ತ್ರಿವಿಕ್ರಮ ಕುಳಿತ. ತಪ್ಪು ಯಾವ ಸಾಲಿನಲ್ಲಿದೆಯೆಂದು ನೋಡಿದೊಡನೆ ಗೊತ್ತಾಯಿತು. ಒಂದು ಚಿಹ್ನೆ ಅಳಿಸಿದರೆ ಮುಗಿಯಿತು. ಬೆರಳುಗಳು ತೊಡೆಯ ಮೇಲಿಂದ ಏಳಲಿಲ್ಲ.

"ಸಿಕ್ಕಿತೇ?"

"ಇಲ್ಲ."

ಪರದೆಯ ಮೇಲೆ ಅಕ್ಷರದಿಂದ ಕಳಚಿಹೋದ ಉಕಾರದ ಕೊಂಬೊಂದು, ಅಕ್ಷರವಿರಬೇಕಾದಲ್ಲಿ ಮೂಡಿದ ಚುಕ್ಕಿಗಳ ಬರಿದಾದ ವೃತ್ತಕ್ಕೆ ಜೋತುಬಿದ್ದಿತ್ತು.